ಹೀಟರಿನ ಬಾಯಿಗಿಟ್ಟ ತಗಡು

"ಇಲ್ಲೇನೋ ಇತ್ತು ಮೇಡಂ. ಈಗಿಲ್ಲ."

ಅಡಿವೆಪ್ಪನ ದನಿ ವಿಮಾನದ ಮೂತಿಯೊಳಗಿಂದ ಬಂತು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಉಕ್ಕಿನ ಗೋಡೆಯ ಹತ್ತಿರ ತಲೆ ತೂರಿಸಿಕೊಂಡು ಅವನು ಬೆಳಗಿನಿಂದ ಟಾರ್ಚ್ ಆಡಿಸುತ್ತಿದ್ದ. ಹೊರಗೆ ಕಾಣುತ್ತಿದ್ದದ್ದು ಗ್ರೀಸ್ ಮೆತ್ತಿದ ಅವನ ಜಾಕೆಟ್ಟಿನ ಬೆನ್ನು ಮಾತ್ರ.

ಶರ್ವಾಣಿ ಸ್ಟೂಲ್ ಹತ್ತಿ ಪಕ್ಕದಲ್ಲಿ ಬಗ್ಗಿದಳು. "ಏನಿತ್ತು?"

"ಗುಂಡನ್ನ ತಗಡು. ಬಿಸಿಗಾಳಿ ಪೈಪು ಗ್ವಾಡಿಗೆ ಬಂದು ಕೂಡತೈತಲ್ರಿ, ಅದರ ಬಾಯಿ ನೋಡ್ರಿ. ಅಂಚು ಸುತ್ತಲೂ ತೊಳೆದಿಟ್ಟ ತಾಟಿನಂಗ ಹೊಳೀತೈತಿ. ಅದರ ಹೊರಗ ಬರೇ ಧೂಳು, ಎಣ್ಣಿ, ಮಸಿ. ಏನೋ ಒಂದು ಭಾಳ ದಿವಸ ಅಲ್ಲಿ ಒತ್ತಿ ಕುಂತಿತ್ತು. ಯಾರೋ ತಗದಾರ."

ಎಲೆನ್ಸ್‌ಬರ್ಗ್ ಊರಾಚೆಯ ಹುಲ್ಲುಹೊಲದಲ್ಲಿ ಈ ವಿಮಾನವನ್ನು ಹೇಗೋ ಇಳಿಸಿ ಪ್ರಜ್ಞೆ ತಪ್ಪಿದ ಲಕ್ಷ್ಮೀಕಾಂತ ಅವರು, ಅಂದಿನಿಂದ ಸಿಯಾಟಲ್ಲಿನ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದರು. ರಕ್ತದಲ್ಲಿ ಕಾರ್ಬನ್ ಮೋನಾಕ್ಸೈಡ್, ತಲೆಗೆ ಪೆಟ್ಟು. ವಿಮಾನಕ್ಕೆ ಮುಂದಿನ ಗಾಲಿ ಮುರಿದದ್ದು ಬಿಟ್ಟರೆ ಹೆಚ್ಚೇನೂ ಆಗಿರಲಿಲ್ಲ. ಅಧಿಕಾರಿಗಳು ನೋಡಿ ಮುಗಿಸಿದ ಮೇಲೆ ಅದನ್ನು ಟ್ರೈಲರಿನಲ್ಲಿ ತಂದು, ಅದು ಹುಟ್ಟಿದ ಜಾಗಕ್ಕೇ, ಸ್ನೋಹೋಮಿಷ್ ಕಡೆಯ ಈ ಸಣ್ಣ ವಿಮಾನ ನಿಲ್ದಾಣದ ಹ್ಯಾಂಗರಿಗೇ ಸೇರಿಸಿದ್ದರು.

ಹುಟ್ಟಿದ ಜಾಗ ಎಂದರೆ ನಿಜವಾಗಿಯೂ ಹುಟ್ಟಿದ ಜಾಗ. ಲಕ್ಷ್ಮೀಕಾಂತ ಮತ್ತು ಅವರಿಗಿಂತ ಎಷ್ಟೋ ಚಿಕ್ಕವನಾದ ಧನಂಜಯ, ಇಬ್ಬರೂ ಸೇರಿ ಶನಿವಾರ ಭಾನುವಾರಗಳನ್ನೆಲ್ಲ ಇಲ್ಲೇ ಕಳೆದು ಈ ನಾಲ್ಕು ಸೀಟಿನ ವಿಮಾನವನ್ನು ತಮ್ಮ ಕೈಯಾರೆ ಕಟ್ಟಿದ್ದರು. ಎತ್ತರದ ತೆಳು ಗಾಳಿಯಲ್ಲೂ ಎಂಜಿನ್ ಸೋಲದಿರಲಿ ಎಂದು ಟರ್ಬೋ ಕೂಡಿಸಿದ್ದರು. ಕ್ಯಾಸ್ಕೇಡ್ ಪರ್ವತಗಳನ್ನು ದಾಟುವುದು ಲಕ್ಷ್ಮೀಕಾಂತ ಅವರ ಆಸೆ.

ತನಿಖೆಗೆ ಬಂದವರ ಮೊದಲ ಅಭಿಪ್ರಾಯ ಸರಳವಾಗಿತ್ತು. ಕ್ಯಾಬಿನ್ ಬೆಚ್ಚಗಿಡಲು ಎಂಜಿನ್ನಿನ ಹೊಗೆಕೊಳವೆಯ ಸುತ್ತ ಒಂದು ಸ್ಟೀಲ್ ಕವಚ ತೊಡಿಸಿರುತ್ತಾರೆ. ಕವಚದೊಳಗೆ ಹೊರಗಿನ ಗಾಳಿ ಹಾದು, ಕಾದು, ಪೈಪಿನ ಮೂಲಕ ಒಳಗೆ ಬರುತ್ತದೆ. ಈ ಕವಚದೊಳಗಿನ ಕೊಳವೆ ಬಿರುಕು ಬಿಟ್ಟಿತ್ತು. ಬಿರುಕಿದ್ದದ್ದು ಹೊಗೆ ಟರ್ಬೋ ಸೇರುವ ಮೊದಲೇ, ಹೊಗೆ ಒತ್ತಡದಲ್ಲಿ ನುಗ್ಗುವ ಜಾಗದಲ್ಲಿ. ಕಾಕ್‌ಪಿಟ್ಟಿನಲ್ಲಿ ಹೀಟರಿನ ಗುಂಡಿ ಪೂರ್ತಿ ಹೊರಗೆ ಎಳೆದಿತ್ತು. ಹೀಟರ್ ಹಾಕಿದರು, ವಿಷಾನಿಲ ಬಂತು. ಕಟ್ಟಿದವರ ಅಜಾಗರೂಕತೆ.

ಲಕ್ಷ್ಮೀಕಾಂತ ಅವರ ಹೆಂಡತಿ ವಸಂತಲಕ್ಷ್ಮಿ ಇದನ್ನು ಒಪ್ಪಲಿಲ್ಲ. ಬೆಲ್ವ್ಯೂನಲ್ಲಿ ಖಾಸಗಿ ಪತ್ತೇದಾರಿ ಮಾಡುವ ಶರ್ವಾಣಿಯ ಆಫೀಸಿಗೆ ಬಂದು ಅವರು ಹೇಳಿದ್ದು ಒಂದೇ ಮಾತು. "ಸ್ಟವ್ ಆಫ್ ಮಾಡಿದೀನಾ ಅಂತ ಎರಡು ಸಲ ಹಿಂದಕ್ಕೆ ಬಂದು ನೋಡೋ ಮನುಷ್ಯ ಅವರು. ನೀನೇ ನೋಡಮ್ಮ."

ಅದಕ್ಕೇ ಶರ್ವಾಣಿ ವಿಮಾನ ರಿಪೇರಿಯ ಲೈಸೆನ್ಸ್ ಇರುವ, ಇದೇ ನಿಲ್ದಾಣದಲ್ಲಿ ವರ್ಕ್‌ಶಾಪ್ ನಡೆಸುವ ಅಡಿವೆಪ್ಪನನ್ನು ಜೊತೆಗೆ ಕರೆದುಕೊಂಡಿದ್ದಳು.

"ಅಡಿವೆಪ್ಪಾವ್ರೇ, ಪೈಪಿನ ಒಳಗಡೆ ಹೇಗಿದೆ?"

ಅಡಿವೆಪ್ಪ ಪೈಪಿನೊಳಗೆ ಬಿಳಿ ಬಟ್ಟೆ ಆಡಿಸಿ ಹೊರಗೆ ತೆಗೆದ. ಬಟ್ಟೆ ಕಪ್ಪಗಾಗಿತ್ತು.

"ಗೋಡೆಯಿಂದ ಈಚೆಗೆ, ಕ್ಯಾಬಿನ್ ಕಡೆ ಬಿಸಿಗಾಳಿ ಬಂದು ಬೀಳೋ ಡಬ್ಬಿ?"

ಇನ್ನೊಂದು ಬಟ್ಟೆ. ಅಡಿವೆಪ್ಪ ಡಬ್ಬಿಯ ಮೂಲೆಮೂಲೆಗೂ ಬೆರಳು ಹಾಕಿ ಒರೆಸಿದ. ಬಟ್ಟೆಗೆ ಒಂದಿಷ್ಟು ಧೂಳು ಹತ್ತಿತ್ತು, ಅಷ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಮಸಿ ತಗಡಿನ ತನಕ ಬಂದು ನಿಂತೈತಿ," ಎಂದ ನಿಧಾನವಾಗಿ. "ಮುಂದ ಹೋಗಿಲ್ಲ."

ಶರ್ವಾಣಿ ಸ್ಟೂಲಿನಿಂದ ಇಳಿದಳು. ಆ ಬಿರುಕಿನ ಹೊಗೆ ಈ ದಾರಿಯಲ್ಲಿ ಲಕ್ಷ್ಮೀಕಾಂತ ಅವರ ಬಳಿಗೆ ಹೋಗಿದ್ದರೆ ಡಬ್ಬಿಯಲ್ಲಿ ಒಂದು ಗೆರೆಯಾದರೂ ಇರಬೇಕಿತ್ತು. ತಗಡು ಇದ್ದಷ್ಟು ಕಾಲ ಒಳಗೆ ವಿಷವೂ ಹೋಗುತ್ತಿರಲಿಲ್ಲ, ಬಿಸಿಯೂ ಹೋಗುತ್ತಿರಲಿಲ್ಲ.

ಬಿಸಿಯೂ ಹೋಗುತ್ತಿರಲಿಲ್ಲ. ಅವಳಿಗೆ ನಿನ್ನೆ ಆಸ್ಪತ್ರೆಯಲ್ಲಿ ವಸಂತಲಕ್ಷ್ಮಿ ಆಡಿದ ಮಾತು ನೆನಪಾಯಿತು. ಗಂಡನ ಪಾದಗಳನ್ನು ಉಜ್ಜುತ್ತ ಅವರು ಅಂದಿದ್ದರು: "ಈ ಚಳಿಗಾಲ ಪೂರ್ತಿ ಮನೆಯಲ್ಲಿ ಅದೇ ಮಾತು. ಹೀಟರ್ ಬಿಸಿ ಬರ್ತಿಲ್ಲ ವಸಂತ, ಹೀಟರ್ ಬಿಸಿ ಬರ್ತಿಲ್ಲ. ಪೈಪಿಗೆ ಏನೋ ಸುತ್ತಿದ್ರು, ಗಾಳಿ ಬರೋ ಬಾಯಿ ದೊಡ್ಡದು ಮಾಡಿದ್ರು, ಬಾಗಿಲಿಗೆ ಸ್ಪಂಜು ಅಂಟಿಸಿದ್ರು. ಕೊನೆಗೆ ಮಂಕಿ ಕ್ಯಾಪ್ ಹಾಕ್ಕೊಂಡು, ನನ್ನ ಶಾಲು ಕಾಲಿಗೆ ಸುತ್ಕೊಂಡು ಹಾರ್ತಿದ್ರು. ನೋಡಿದ್ರೆ ನಗು ಬರೋದು."

ಆಗ ಪಕ್ಕದಲ್ಲಿ ಕೂತು ಅವರ ತಟ್ಟೆಗೆ ಅನ್ನ ಬಡಿಸುತ್ತಿದ್ದವಳು ಮಧುಶ್ರೀ, ಧನಂಜಯನ ಹೆಂಡತಿ. ಗಂಡಂದಿರಿಬ್ಬರೂ ಮಾತು ಬಿಟ್ಟಿದ್ದರೂ ಅವಳು ದಿನವೂ ಕ್ಯಾರಿಯರ್ ಹಿಡಿದು ಆಸ್ಪತ್ರೆಗೆ ಬರುವುದನ್ನು ಬಿಟ್ಟಿರಲಿಲ್ಲ.

"ಈ ತಗಡು ಯಾರು ಇಟ್ಟಿರಬೇಕ್ರಿ?" ಎಂದು ಅಡಿವೆಪ್ಪ ಕೇಳಿದ.

"ಕೇಳೋಣ. ಧನಂಜಯ ಬರ್ತಿದಾರೆ."

ಹ್ಯಾಂಗರಿನ ಕೀಲಿ ಇದ್ದದ್ದು ಮೂವರ ಬಳಿ. ಲಕ್ಷ್ಮೀಕಾಂತ, ಧನಂಜಯ, ಮತ್ತು ಇದೇ ಸಾಲಿನ ಇನ್ನೊಂದು ಹ್ಯಾಂಗರಿನಲ್ಲಿ ವೆಲ್ಡಿಂಗ್ ಮಾಡುವ ಅವರ ಗೆಳೆಯ ಚರಣ್. ಬಿರುಕು ಬಿಟ್ಟ ಕೊಳವೆಯನ್ನು ಬೆಸೆದವನೂ ಅವನೇ. ಜಗಳವಾದ ಮೇಲೆ ಶರತ್ಕಾಲದಲ್ಲಿ ಒಮ್ಮೆ ಧನಂಜಯ ಒಬ್ಬನೇ ಬಂದು ಎಂಜಿನ್ನಿನ ಮುಚ್ಚಳ ತೆಗೆದದ್ದನ್ನು ತಾನು ಕಣ್ಣಾರೆ ಕಂಡೆನೆಂದು ಚರಣ್ ಶರ್ವಾಣಿಗೆ ಹೇಳಿದ್ದ. ತನಗೆ ಬೇರೇನೂ ಗೊತ್ತಿಲ್ಲ, ವಿಮಾನ ಬಿದ್ದ ದಿನ ತಾನು ಬೆಲ್ವ್ಯೂನ ಮನೆಯಲ್ಲೇ ಇದ್ದೆ ಎಂದೂ ಸೇರಿಸಿದ್ದ.

ಧನಂಜಯ ರೆಡ್ಮಂಡ್‌ನ ಆಫೀಸಿನಿಂದ ನೇರವಾಗಿ ಬಂದಿದ್ದ. ಕೊರಳಲ್ಲಿ ಇನ್ನೂ ಬ್ಯಾಡ್ಜ್ ಇತ್ತು. ಬಾಗಿಲಲ್ಲೇ ನಿಂತು ಮುರಿದ ಗಾಲಿಯ ವಿಮಾನವನ್ನು ನೋಡಿದ. ಒಳಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಅವರಿಗೆ ಹೇಗಿದೆ?" ಎಂದ.

"ನಿನ್ನೆ ಬೆರಳು ಆಡಿಸಿದ್ರಂತೆ. ನಿಮ್ಮ ಮನೆಯವರು ಹೇಳಿಲ್ವಾ?"

"ಹೇಳಿದ್ಲು. ಆದ್ರೂ ಕೇಳ್ದೆ."

ಶರ್ವಾಣಿ ಅವನನ್ನು ಎಂಜಿನ್ನಿನ ಬಳಿಗೆ ಕರೆದೊಯ್ದು ಟಾರ್ಚ್ ಅವನ ಕೈಗೆ ಕೊಟ್ಟಳು. "ಆ ಹೊಳೆಯೋ ಅಂಚು ನೋಡಿ. ಅಲ್ಲೇನಿತ್ತು ಧನಂಜಯ?"

ಅವನು ನೋಡಿದ. ಟಾರ್ಚ್ ಆರಿಸಿದ. ಸುಳ್ಳು ಹೇಳಬಹುದು ಎಂದು ಶರ್ವಾಣಿ ಕಾಯುತ್ತಿದ್ದಳು.

"ಸ್ಟೀಲ್ ಡಬ್ಬದ ಮುಚ್ಚಳ," ಎಂದ ಅವನು. "ಮನೇದು. ಅಳತೆಗೆ ಕತ್ತರಿಸಿ ಇಟ್ಟಿದ್ದೆ. ಎಲ್ಲಿ ಅದು?"

"ಅದನ್ನ ನಾನು ಕೇಳಬೇಕು."

"ನಾನು ಇಟ್ಟಿದ್ದು ನಿಜ. ತೆಗೆದಿಲ್ಲ."

"ಅವರಿಗೆ ಗೊತ್ತಿಲ್ಲದ ಹಾಗೆ ಅವರ ಹೀಟರಿನ ಬಾಯಿ ಮುಚ್ಚಿದ್ರಿ. ಚಳಿಗಾಲ ಪೂರ್ತಿ ಆ ಮನುಷ್ಯ ಶಾಲು ಸುತ್ಕೊಂಡು ಹಾರಿದಾರೆ. ಯಾಕೆ?"

ಧನಂಜಯ ಕೆಲಸದ ಮೇಜಿನ ಅಂಚಿಗೆ ಒರಗಿದ. "ನಮ್ಮ ಜಗಳ ಗೊತ್ತಲ್ಲ ನಿಮಗೆ. ಚಳಿಗಾಲದಲ್ಲಿ ಬೆಟ್ಟ ದಾಟಬೇಕು ಅಂದ್ರು. ಕ್ಯಾಬಿನ್ ಇನ್ನೂ ಸೀಲ್ ಆಗಿಲ್ಲ, ಬೇಡ ಅಂದೆ. ‘ನಿನಗೆ ಹೆದರಿಕೆ, ಹಾಗಂತ ಹೇಳು’ ಅಂದ್ರು. ಎಲ್ಲರ ಮುಂದೆ. ನಾನು ಬರೋದು ಬಿಟ್ಟೆ."

"ಆಮೇಲೆ?"

"ಒಂದಿನ ನನ್ನ ಟೂಲ್ಸ್ ತಗೊಂಡು ಹೋಗೋಣ ಅಂತ ಬಂದೆ. ಹೋಗೋ ಮುಂಚೆ ಒಂದ್ಸಲ ಎಂಜಿನ್ ನೋಡೋಣ ಅನ್ನಿಸ್ತು. ಕವಚದ ಕೀಲಲ್ಲಿ ಬೂದಿ ಬಣ್ಣದ ಗೆರೆ. ಬಿಚ್ಚಿದ್ರೆ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು. ಹಾಗೇ ಬಿಟ್ಟು ಹೋಗೋಕಾಗುತ್ತಾ? ಕೊಳವೆ ಕಳಚಿದ್ರೆ ವಿಮಾನ ನಿಲ್ಲುತ್ತೆ. ಹಟಕ್ಕೆ ನಿಲ್ಲಿಸಿದಾನೆ ಅಂತಾರೆ. ಅದಕ್ಕೆ ಹೀಟರಿಗೆ ಹೋಗೋ ದಾರಿ ಮುಚ್ಚಿದೆ. ಕೆಂಪು ಪಟ್ಟಿ ಕಟ್ಟಿ ಬರೆದೆ, ತೆಗೀಬೇಡಿ, ಕೊಳವೆ ಬಿರುಕು ಬಿಟ್ಟಿದೆ ಅಂತ."

"ಕೆಂಪು ಪಟ್ಟಿ ಇಲ್ಲ ಇಲ್ಲಿ," ಎಂದ ಅಡಿವೆಪ್ಪ.

"ಇತ್ತು. ಅಷ್ಟೇ ಅಲ್ಲ, ಅವತ್ತೇ ಚರಣ್‌ಗೆ ಹೇಳಿದೆ. ಹೊಸ ಕೊಳವೆ ಮಾಡಿಕೊಡು, ನಮ್ಮಿಬ್ಬರ ಮಧ್ಯೆ ಮಾತಿಲ್ಲ, ಅವರಿಗೆ ನೀನೇ ತಿಳಿಸು ಅಂತ. ಆಯ್ತು ನಾನು ನೋಡ್ಕೋತೀನಿ ಅಂದ. ಆಮೇಲೆ ವಿಮಾನ ಹಾರೋದು ಕಾಣ್ತಿತ್ತು. ಹೊಸ ಕೊಳವೆ ಹಾಕಿದಾರೆ ಅಂತಲೇ ಅಂದ್ಕೊಂಡಿದ್ದೆ."

"ಚರಣ್ ಹಾಗೆ ಹೇಳಲಿಲ್ಲ. ತನಗೇನೂ ಗೊತ್ತಿಲ್ಲ ಅಂದ್ರು."

ಧನಂಜಯನ ಮುಖ ಬಿಳಿಚಿತು. ಕೋಪವೋ ಆಘಾತವೋ ತಿಳಿಯಲಿಲ್ಲ. "ಅವನು ಹಾಗಂದ್ನಾ?"

"ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳ್ತಿದೀರಿ."

"ನನ್ನ ನಂಬಬೇಡಿ. ಆದ್ರೆ ಒಂದು ಯೋಚನೆ ಮಾಡಿ. ಅವರನ್ನ ಸಾಯಿಸಬೇಕು ಅಂತಿದ್ರೆ ನಾನು ಏನೂ ಮಾಡಬೇಕಾಗಿರಲಿಲ್ಲ. ಬಿರುಕು ಕಂಡ ಮೇಲೆ ಎಂಜಿನ್ ಮುಚ್ಚಳ ಹಾಕಿ ಮನೆಗೆ ಹೋಗಿದ್ರೆ ಸಾಕಿತ್ತು."

ಶರ್ವಾಣಿಗೂ ಅದೇ ಯೋಚನೆ ಬಂದಿತ್ತು. ಆದರೆ ಇನ್ನೊಂದು ಸಾಧ್ಯತೆ ಉಳಿದಿತ್ತು. ಲಕ್ಷ್ಮೀಕಾಂತ ಅವರು ಪಟ್ಟುಹಿಡಿದು ಹುಡುಕುವ ಮನುಷ್ಯ. ಬಿಸಿ ಎಲ್ಲಿ ನಿಂತಿದೆ ಎಂದು ಹುಡುಕುತ್ತ ಹೋಗಿ, ಕೊನೆಗೆ ತಗಡು ಸಿಕ್ಕಿ, ಖುಷಿಯಿಂದ ಅದನ್ನು ತಾವೇ ಕಿತ್ತೆಸೆದು ಹಾರಿದ್ದರೆ? ಆಗ ಅಪರಾಧಿ ಯಾರೂ ಅಲ್ಲ, ಎಲ್ಲರೂ. ಡಬ್ಬಿಯಲ್ಲಿ ಮಸಿ ಇಲ್ಲದಿರುವುದೊಂದೇ ಆ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ವಸಂತಲಕ್ಷ್ಮಿ. ವಿಡಿಯೊ ಕಾಲ್.

ತೆರೆಯ ಮೇಲೆ ಮೊದಲು ಕಂಡದ್ದು ಅವರ ಹಣೆ ಮಾತ್ರ.

"ಶರ್ವಾಣಿ, ಎಚ್ಚರ ಆದ್ರು ಕಣಮ್ಮ. ಕಣ್ಣು ಬಿಟ್ರು. ಮಾತಾಡಿದ್ರು. ಮೊದಲು ಏನು ಕೇಳಿದ್ರು ಗೊತ್ತಾ? ‘ಹೀಟರ್ ಸರಿಹೋಯ್ತಾ’ ಅಂತ. ನಾನು ಹೇಗಿದೀನಿ ಅಂತ ಕೇಳಲಿಲ್ಲ ನೋಡು." ಅವರು ಅಳುತ್ತಲೇ ನಕ್ಕರು.

ಅಡಿವೆಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಧನಂಜಯ ಮುಖ ತಿರುಗಿಸಿ ಗೋಡೆಯ ಕಡೆ ನಿಂತ.

"ಆಂಟಿ, ಅಂಕಲ್ ಹತ್ರ ಒಂದೇ ಒಂದು ಮಾತು ಕೇಳಬಹುದಾ? ಅವರಿಗೆ ಆಯಾಸ ಆಗಲ್ಲ ಅಂದ್ರೆ."

"ಅವರೇ ಫೋನ್ ಕೊಡು ಅಂತಿದಾರೆ."

ದಿಂಬಿಗೊರಗಿದ ಮುಖ ಕಂಡಿತು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ಚುರುಕಾಗಿತ್ತು. ಶರ್ವಾಣಿ ಆ ಕಣ್ಣುಗಳನ್ನು ನೋಡುತ್ತಿದ್ದದ್ದು ಇದೇ ಮೊದಲು.

"ನಮಸ್ಕಾರ ಅಂಕಲ್. ನಾನು ಶರ್ವಾಣಿ. ಆಂಟಿ ಹೇಳಿರಬೇಕು. ಅವತ್ತು ಹಾರುವಾಗ ಹೀಟರಿನಿಂದ ಬಿಸಿಗಾಳಿ ಬಂತಾ?"

"ಎಲ್ಲಿಯ ಬಿಸಿ." ದನಿ ಸವೆದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ಬೆಟ್ಟದ ಮೇಲೆ ಗಾಜಿನ ಒಳಗಡೆ ಹಿಮ ಕಟ್ಟಿತ್ತು. ಉಗುರಲ್ಲಿ ಕೆರೆದು ಹೊರಗೆ ನೋಡ್ತಿದ್ದೆ."

"ಹೀಟರ್ ಗುಂಡಿ ಎಳೆದಿದ್ರಾ?"

"ಎಳೆದಿದ್ದೆ. ಬರಲಿಲ್ಲ. ಆಮೇಲೆ ಗ್ಯಾಸ್ ಅಲಾರಂ ಕೂಗ್ತು. ಕೂಗಿದ ತಕ್ಷಣ ಗುಂಡಿ ಒಳಕ್ಕೆ ತಳ್ಳಿದೆ. ಅದೇ ಮೊದಲ ಕೆಲಸ. ಹಾಗೂ ನಿಲ್ಲಲಿಲ್ಲ. ಪಕ್ಕದ ಗಾಳಿಕಿಂಡಿ ಎರಡೂ ತೆಗೆದೆ. ತಲೆ ಸಿಡೀತಿತ್ತು. ಕೆಳಗೆ ಹೊಲ ಕಾಣಿಸ್ತು, ಇಳಿಸಿಬಿಟ್ಟೆ."

"ಗುಂಡಿ ಒಳಗೆ ತಳ್ಳಿದ್ದು ಖಂಡಿತಾನಾ?"

"ನಾನು ಸ್ಟವ್ ಎರಡು ಸಲ ನೋಡೋನು ಕಣಮ್ಮ."

ಹಿಂದಿನಿಂದ ವಸಂತಲಕ್ಷ್ಮಿಯವರ ದನಿ ಕೇಳಿಸಿತು: "ನಾನು ಹೇಳಿರಲಿಲ್ವಾ?"

ಲಕ್ಷ್ಮೀಕಾಂತ ಕಣ್ಣು ಕಿರಿದು ಮಾಡಿದರು. "ಹಿಂದೆ ನಿಂತಿರೋದು ಯಾರು? ಧನು ಅಲ್ವಾ?"

ಧನಂಜಯ ತಿರುಗಿದ. ಫೋನಿನ ಮುಂದೆ ಬಂದು ನಿಂತ.

"ಸೀಲ್ ಆಗಿಲ್ಲ ಅಂದಿದ್ದೆ ನೀನು," ಎಂದರು ಲಕ್ಷ್ಮೀಕಾಂತ. "ಸರಿಯಾಗೇ ಹೇಳಿದ್ದೆ. ಅವತ್ತು ಬೆನ್ನ ಹಿಂದಿಂದ ಚಾಕು ಹಾಕಿದ ಹಾಗೆ ಗಾಳಿ ಬರ್ತಿತ್ತು. ಯಾವತ್ತೂ ಹಾಗೆ ಬಂದಿರಲಿಲ್ಲ. ಹೋಗಿ ನೋಡು. ನಾನು ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ."

"ಇಲ್ಲ ಸರ್," ಎಂದ ಧನಂಜಯ.

ನರ್ಸ್ ಬಂದು ಸಾಕೆಂದಳು. ಫೋನ್ ಕಟ್ಟಾಯಿತು.

"ಬೆನ್ನ ಹಿಂದಿಂದ," ಎಂದಳು ಶರ್ವಾಣಿ. "ಅಡಿವೆಪ್ಪಾವ್ರೇ, ವಿಮಾನ ಮುಂದಕ್ಕೆ ಹೋಗುವಾಗ ಗಾಳಿ ಹಿಂದಿಂದ ಹೇಗೆ ಬರುತ್ತೆ?"

"ಬರತೈತ್ರಿ. ವೇಗಕ್ಕ ಕ್ಯಾಬಿನ್ ಒಳಗಿನ ಗಾಳಿ ಹೊರಗ ಎಳಕೊಂಡು ಹೋಗತಿರತೈತಿ. ಆ ಖಾಲಿ ತುಂಬಾಕ ಬಾಲದ ಕಡೆಯಿಂದ ಗಾಳಿ ನುಗ್ಗತೈತಿ, ಎಲ್ಲಿ ಸಂದು ಸಿಗತೈತಿ ಅಲ್ಲಿಂದ. ಮನ್ಯಾಗ ಎಕ್ಸಾಸ್ಟ್ ಫ್ಯಾನ್ ಹಾಕಿದ್ರ ಬಾಗಲ ಸಂದಿನಾಗಿಂದ ಗಾಳಿ ಬರೂದಿಲ್ಲೇನು, ಹಂಗ."

"ಅದನ್ನ ಇಲ್ಲೇ ಮಾಡಿ ನೋಡಬಹುದಾ? ಹಾರದೇನೇ?"

ಅಡಿವೆಪ್ಪ ಕತ್ತು ಕೆರೆದುಕೊಂಡ. ಆಮೇಲೆ ಅವನ ಮುಖ ಅರಳಿತು. "ಅಂಗಳದಾಗಿನ ಒಣ ಎಲಿ ಊದೋ ಮಷೀನ್ ಐತಿ ನನ್ನ ಕಡೆ. ಅದನ್ನ ಎಳೆಯೋ ಕಡೆಗೆ ತಿರುಗಿಸಿ ಕಿಟಕಿಗೆ ಕಟ್ಟೋಣು. ಕ್ಯಾಬಿನ್ ಗಾಳಿ ಹೊರಗ ಎಳೀತೈತಿ. ಹೊಗೀಗೆ..." ಅವನು ನಿಲ್ಲಿಸಿದ.

"ಹೊಗೆಗೆ?"

"ಊದಿನಕಡ್ಡಿ. ವರ್ಕ್‌ಶಾಪಿನಾಗ ದೇವರ ಫೋಟೋ ಮುಂದ ಒಂದು ಪ್ಯಾಕೆಟ್ ಐತಿ."

ಮಳೆ ಬಿಟ್ಟು ಆಕಾಶ ತೊಳೆದಂತಿತ್ತು. ಹ್ಯಾಂಗರಿನ ಬಾಗಿಲು ಗಾಳಿಯಾಡದಂತೆ ಮುಚ್ಚುವ ಮೊದಲು, ರೇನಿಯರ್ ಬೆಟ್ಟ ದಕ್ಷಿಣದಲ್ಲಿ ಬೆಳ್ಳಗೆ ಎದ್ದು ಕೂತದ್ದು ಕಾಣುತ್ತಿತ್ತು. ಕಾಕ್‌ಪಿಟ್ಟಿನ ಒಂದು ಕಿಟಕಿಗೆ ರಟ್ಟು ಕತ್ತರಿಸಿ ಟೇಪ್ ಹಚ್ಚಿ, ಅದರ ನಡುವಿನ ತೂತಿಗೆ ಮಷೀನಿನ ಕೊಳವೆ ತೂರಿಸಿದರು. ಉಳಿದ ಕಿಟಕಿಗಳನ್ನೂ ಗಾಳಿಕಿಂಡಿಗಳನ್ನೂ ಮುಚ್ಚಿದರು. ಹೀಟರಿನ ಬಾಯಿಗೆ, ಧನಂಜಯ ಚಳಿಗಾಲದ ಮೊದಲು ಮಾಡಿದ್ದಂತೆಯೇ, ಒಂದು ತಗಡು ಒತ್ತಿ ಕಟ್ಟಿದರು. ಶರ್ವಾಣಿ ಲಕ್ಷ್ಮೀಕಾಂತ ಅವರ ಸೀಟಿನಲ್ಲಿ ಕೂತಳು.

ಮಷೀನ್ ಕಿವಿ ಕಿವುಡಾಗುವಂತೆ ಅರಚತೊಡಗಿತು. ಧನಂಜಯ ಊದಿನಕಡ್ಡಿಯ ಕಟ್ಟು ಹೊತ್ತಿಸಿ ವಿಮಾನದ ಹೊಟ್ಟೆಯ ಕೆಳಗೆ ಬಗ್ಗಿದ. ಗಾಜಿನಾಚೆ ಅವನ ತಲೆ ಮಾತ್ರ ಆಗೀಗ ಕಾಣುತ್ತಿತ್ತು.

ರೆಕ್ಕೆಯ ಬುಡ. ಏನೂ ಇಲ್ಲ. ಬಾಗಿಲಿನ ಅಂಚು. ಲಕ್ಷ್ಮೀಕಾಂತ ಅಂಟಿಸಿದ್ದ ಸ್ಪಂಜು ಚೆನ್ನಾಗಿಯೇ ಕೂತಿತ್ತು, ಹೊಗೆ ಅದರ ಹತ್ತಿರ ಸುಳಿದು ಹಾಗೇ ಮೇಲೆ ಹೋಯಿತು. ಎಂಜಿನ್ ಕಡೆಯ ಗೋಡೆ. ಅಲ್ಲೂ ಇಲ್ಲ. ಧನಂಜಯ ಹಿಂದೆ ಹಿಂದೆ ಸರಿದ.

ಶರ್ವಾಣಿಯ ಕುತ್ತಿಗೆಗೆ ತಣ್ಣಗೆ ಏನೋ ತಾಗಿತು. ತಿರುಗಿ ನೋಡಿದಳು. ಹಿಂದಿನ ಸೀಟುಗಳಾಚೆ, ಸಾಮಾನು ಇಡುವ ಜಾಗದ ತಳದಿಂದ, ನೂಲಿನಂಥ ಬೂದು ಎಳೆಯೊಂದು ಎದ್ದು ಮುಂದಕ್ಕೆ ಬರುತ್ತಿತ್ತು. ಮರುಕ್ಷಣ ಕ್ಯಾಬಿನ್ ತುಂಬ ಗಂಧದ ಪರಿಮಳ.

ಅವಳು ಗಾಜು ಬಡಿದಳು. ಮಷೀನ್ ನಿಂತಿತು.

"ಬಂತು. ಇಲ್ಲಿಂದ ಬಂತು."

ಮೂವರೂ ಹಿಂದೆ ಹೋಗಿ ನೆಲದ ತಗಡು ಎತ್ತಿದರು. ಬಾಲದ ರೆಕ್ಕೆ ಆಡಿಸಲು ಹೋಗುವ ಸರಳು ಅಲ್ಲಿ ವಿಮಾನದ ಹೊಟ್ಟೆಗೆ ತೀರ ಹತ್ತಿರದಲ್ಲಿ ಹಾದಿತ್ತು. ಅದರ ತೂತಿಗೆ ತೊಡಿಸಿದ್ದ ರಬ್ಬರ್ ಚೀಲ ಉದ್ದಕ್ಕೂ ಸೀಳಿತ್ತು. ಅಡಿವೆಪ್ಪ ಸೀಳಿನ ಅಂಚನ್ನು ಬೆರಳುಗಳ ನಡುವೆ ಮಡಚಿ ನೋಡಿದ.

"ಇದು ಯಾರೂ ಕೊಯ್ದಿದ್ದಲ್ರಿ. ಕೊಯ್ದಿದ್ರ ಅಂಚು ನೆಟ್ಟಗಿರತಿತ್ತು. ರಬ್ಬರು ಥಂಡಿಗೆ ಬಿರುಸಾಗಿ ತಾನ ಹರದೈತಿ. ಹರಿದಿದ್ದೂ ಹೊಸದಾಗಿ. ಅವತ್ತ ಬೆಟ್ಟದ ಮ್ಯಾಲ ಆಗಿರಬೇಕು." ಅವನು ಬಗ್ಗಿ ವಿಮಾನದ ಹೊಟ್ಟೆಯ ಉದ್ದಕ್ಕೂ ಟಾರ್ಚ್ ಬಿಟ್ಟ. ಟರ್ಬೋದಿಂದ ಹೊರಬರುವ ಹೊಗೆಯ ಮೋಟು ಕೊಳವೆಯಿಂದ ಶುರುವಾಗಿ ಒಂದು ಮಸುಕು ಕಂದು ಗೆರೆ ಹಿಂದಕ್ಕೆ ಹರಿದು, ಸರಿಯಾಗಿ ಆ ತೂತಿನ ಬಳಿಯಲ್ಲಿ ಒಳಗೆ ತಿರುಗಿತ್ತು. "ನೋಡ್ರಿ. ಥಂಡಿನೂ ಇಲ್ಲಿಂದನ, ವಿಷಾನೂ ಇಲ್ಲಿಂದನ. ಹೀಟರಿಗೂ ಇದಕ್ಕೂ ಸಂಬಂಧ ಇಲ್ಲ."

ಧನಂಜಯ ನೆಲದ ಮೇಲೇ ಕೂತುಬಿಟ್ಟ.

"ಕೊಳವೆ ಹಳೇದೇ ಅಂತ ಗೊತ್ತಾದಾಗಿಂದ ಅಂದ್ಕೊಂಡಿದ್ದೆ," ಎಂದ, "ನನ್ನ ತಗಡೇ ಏನೋ ಮಾಡಿದೆ, ಹೊಗೆ ಹಿಂದಕ್ಕೆ ಒತ್ತಿ ಬೇರೆ ಕಡೆಯಿಂದ ನುಗ್ಗಿದೆ ಅಂತ. ನಿದ್ದೆ ಬಂದಿಲ್ಲ ಶರ್ವಾಣಿಯವರೇ."

"ನಿಮ್ಮ ತಗಡು ಇಲ್ಲದೇ ಇದ್ದಿದ್ರೆ ಎರಡು ಕಡೆಯಿಂದ ಬರ್ತಿತ್ತು," ಎಂದಳು ಶರ್ವಾಣಿ. "ಅವರು ಆ ಹೊಲದ ತನಕ ಬರ್ತಿರಲಿಲ್ಲ."

ಅಡಿವೆಪ್ಪ ಆಗಲೇ ಲೆಕ್ಕ ಹಾಕುತ್ತಿದ್ದ. ಟರ್ಬೋದ ಮೋಟು ಕೊಳವೆಯನ್ನು ಒಂದು ಗೇಣು ಉದ್ದ ಮಾಡಬೇಕು. ಸರಳಿಗೆ ಥಂಡಿ ತಡೆಯುವ ಸಿಲಿಕಾನ್ ಚೀಲ. ಹೊಸ ಹೊಗೆಕೊಳವೆ, ಬೇರೆ ಯಾರ ಕೈಯಲ್ಲಾದರೂ. "ಇಷ್ಟು ಮಾಡಿದ್ರ ಒಳಗ ಅಂಗಿ ಬಿಚ್ಚಿ ಕೂಡಬಹುದು," ಎಂದ. ಧನಂಜಯ ಎಷ್ಟೋ ದಿನದ ಮೇಲೆ ನಕ್ಕ. ಬೇಸಿಗೆಯ ಹೊತ್ತಿಗೆ ಮುಗಿಸಬಹುದೇ ಎಂದು ಕೇಳಿದ. ಮುಗಿಸಬಹುದು ಎಂದ ಅಡಿವೆಪ್ಪ, ಶನಿವಾರಗಳಲ್ಲಿ ನೀವೂ ಬಂದರೆ.

ಶರ್ವಾಣಿ ಮಾತ್ರ ಫೋನಿನಲ್ಲಿ ಒಂದು ಫೋಟೊ ತೆರೆದು ನೋಡುತ್ತಿದ್ದಳು. ಅಧಿಕಾರಿಗಳು ಹೊಲದಲ್ಲಿ ತೆಗೆದದ್ದು. ಅದರಲ್ಲಿ ಹೀಟರಿನ ಗುಂಡಿ ಪೂರ್ತಿ ಹೊರಗಿತ್ತು.

ಲಕ್ಷ್ಮೀಕಾಂತ ಅದನ್ನು ಒಳಗೆ ತಳ್ಳಿದ್ದರು. ತಗಡು ಹಾರಾಟದುದ್ದಕ್ಕೂ ಇದ್ದಲ್ಲೇ ಇತ್ತು. ಹಾಗಾದರೆ ವಿಮಾನ ನೆಲ ಮುಟ್ಟಿದ ಮೇಲೆ, ಅಧಿಕಾರಿಗಳು ಬರುವ ಮೊದಲು, ಯಾರೋ ಗುಂಡಿ ಎಳೆದಿದ್ದರು. ಎಂಜಿನ್ನಿನ ಮುಚ್ಚಳ ತೆಗೆಯಲು ಬಲ್ಲವರು ಯಾರೋ ತಗಡು ಕಿತ್ತಿದ್ದರು. ಕೆಂಪು ಪಟ್ಟಿಯನ್ನಂತೂ, ಚಳಿಗಾಲದಲ್ಲಿ ಅದು ಲಕ್ಷ್ಮೀಕಾಂತ ಅವರ ಕಣ್ಣಿಗೆ ಬೀಳುವ ಮೊದಲೇ ಬಿಚ್ಚಿದ್ದರು. ಹೀಟರಿನಿಂದಲೇ ಆಯಿತು ಎಂದು ಲೋಕ ನಂಬಲಿ ಎಂದು. ಆಂಬುಲೆನ್ಸ್ ಬಂದಾಗ ಲಕ್ಷ್ಮೀಕಾಂತ ವಿಮಾನದಿಂದ ದೂರ, ಹುಲ್ಲಿನ ಮೇಲೆ ಮಲಗಿದ್ದರು. ತಾವೇ ತೆವಳಿ ಬಂದಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

"ಒಂದ್ಸಲ ಆಂಟಿಗೆ ಫೋನ್ ಮಾಡ್ತೀನಿ," ಎಂದಳು. "ಅಂಕಲ್‌ಗೆ ಈ ಸುದ್ದಿ ಹೇಳಲೇಬೇಕು."

ಲಕ್ಷ್ಮೀಕಾಂತ ಗಂಜಿ ಕುಡಿಯುತ್ತಿದ್ದರು. ಊದಿನಕಡ್ಡಿಯ ಪರೀಕ್ಷೆಯನ್ನು ಕೇಳಿ ಅವರಿಗೆ ನಗು ಬಂದು ಕೆಮ್ಮು ಹತ್ತಿತು. ತಗಡಿನ ವಿಷಯವನ್ನು ಧನಂಜಯ ತಾನೇ ಹೇಳಿದ. ಅವರು ಕೊನೆತನಕ ಕೇಳಿಸಿಕೊಂಡರು.

"ಅಂದ್ರೆ ಚಳಿಗಾಲ ಪೂರ್ತಿ ನಾನು ನಿನ್ನ ಜೊತೆ ಮಾತು ಬಿಟ್ಟಿದ್ದೆ, ನಿನ್ನ ತಗಡು ಮುಂದೆ ಕೂತು ನನ್ನ ಕಾಪಾಡ್ತಿತ್ತು," ಎಂದರು. ಆಮೇಲೆ, "ಪುಣ್ಯವಂತರಪ್ಪ ಗಂಡ ಹೆಂಡತಿ ಇಬ್ಬರೂ. ಮಧುಗೂ ಹೇಳಿಬಿಡು, ನಾನು ಎದ್ದು ಕೂತಿದೀನಿ ಅಂತ. ಅವಳು ಇಲ್ಲದೇ ಇದ್ದಿದ್ರೆ ನಾನು ಆ ಸೀಟಲ್ಲೇ ಮುಗಿದು ಹೋಗ್ತಿದ್ದೆ."

ಧನಂಜಯನಿಗೆ ಅರ್ಥವಾಗಲಿಲ್ಲ. "ದಿನಾ ಊಟ ತರ್ತಿದ್ಲಲ್ಲ, ಅದಾ ಸರ್?"

"ಊಟ ಅಲ್ಲಯ್ಯ. ಹೊಲದಲ್ಲಿ. ಬಾಗಿಲು ತೆಗೆದು ನನ್ನ ಹೊರಗೆ ಎಳೆದವಳು ಅವಳೇ ಅಲ್ವಾ. ಹುಲ್ಲಿನ ಮೇಲೆ ಮಲಗಿಸಿ, ಉಸಿರಾಡಿ ಅಂಕಲ್, ಉಸಿರಾಡಿ ಅಂತಿದ್ಲು. ಯಾಕೆ, ಅವಳು ಹೇಳಿಲ್ವಾ ನಿಂಗೆ?"

ಫೋನಿನಾಚೆ ವಸಂತಲಕ್ಷ್ಮಿ ಚಮಚ ಕೆಳಗಿಟ್ಟ ಸದ್ದು ಕೇಳಿಸಿತು.

ಶರ್ವಾಣಿ ಮೃದುವಾಗಿ ಮಾತು ಮುಗಿಸಿ ಫೋನ್ ಇಟ್ಟಳು. ಧನಂಜಯ ಅವಳನ್ನೇ ನೋಡುತ್ತಿದ್ದ.

"ತಲೆಗೆ ಪೆಟ್ಟು ಬಿದ್ದಿದೆ," ಎಂದ. "ಗ್ಯಾಸ್ ಬೇರೆ. ಏನೋ ಕಂಡಿರಬೇಕು. ಅವತ್ತು ಮಧು ಇಸ್ಸಾಕ್ವಾದಲ್ಲಿ, ಆಫೀಸಲ್ಲಿದ್ಲು. ಎಲೆನ್ಸ್‌ಬರ್ಗ್ ಎಲ್ಲಿ, ಬೆಟ್ಟದ ಆ ಕಡೆ. ಅವಳು ಅಲ್ಲಿಗೆ ಯಾಕೆ ಹೋಗ್ತಾಳೆ?"

"ಕೇಳಿ."

ಅವನು ಕಾಲ್ ಮಾಡಿ, ಸ್ಪೀಕರಿಗೆ ಹಾಕಿ, ಮೇಜಿನ ಮೇಲಿಟ್ಟ. ಮಧುಶ್ರೀ ಬೇಗನೆ ಎತ್ತಿದಳು. ಕಾರಿನಲ್ಲಿದ್ದಳು, ರಸ್ತೆಯ ಸದ್ದು ಕೇಳಿಸುತ್ತಿತ್ತು.

"ಮಧು, ಸರ್‌ಗೆ ಎಚ್ಚರ ಆಗಿದೆ. ಮಾತಾಡ್ತಿದಾರೆ."

"ಅಯ್ಯೋ ದೇವರೇ." ಅವಳ ದನಿ ಒಡೆಯಿತು. ಅದು ನಿಜವಾದ ಸಂತೋಷ, ಶರ್ವಾಣಿಗೆ ಅದರಲ್ಲಿ ಸಂಶಯವಿರಲಿಲ್ಲ. "ಬದುಕಿದ್ರು. ಬದುಕಿದ್ರಲ್ಲ ಧನು."

"ನಿನಗೆ ಥ್ಯಾಂಕ್ಸ್ ಹೇಳು ಅಂದ್ರು. ಹೊಲದಲ್ಲಿ ಹೊರಗೆ ಎಳೆದಿದ್ದಕ್ಕೆ."

ಕಾರು ನಿಧಾನವಾಯಿತು. ಎಲ್ಲೋ ರಸ್ತೆಯ ಅಂಚಿಗೆ ಬಂದು ನಿಂತಿತು. ಎಂಜಿನ್ ಆರಿತು.

"ಮಧು, ಅವತ್ತು ನೀನು ಅಲ್ಲಿದ್ಯಾ?"

"ಇದ್ದೆ," ಎಂದಳು ಅವಳು.

ಧನಂಜಯ ಮೇಜಿನ ಅಂಚು ಹಿಡಿದುಕೊಂಡ. ಅಡಿವೆಪ್ಪ ಹೊರಗೆ ಹೋಗಬೇಕೋ ಬೇಡವೋ ತಿಳಿಯದೆ ನಿಂತಲ್ಲೇ ನಿಂತ.

"ಅವರನ್ನ ಹೊರಗೆ ಎಳೆದವಳು ನಾನೇ," ಮಧುಶ್ರೀ ಒಂದೊಂದೇ ಮಾತು ಹೆಕ್ಕಿ ತೆಗೆದಂತೆ ಹೇಳಿದಳು. "ಆದ್ರೆ ಎಂಜಿನ್ನಿನ ಮುಚ್ಚಳ ತೆಗೆದವಳು ನಾನಲ್ಲ. ನಾನು ಅಲ್ಲಿ ಒಬ್ಬಳೇ ಇರಲಿಲ್ಲ, ಧನು."

ಅವತ್ತು ಬೆಲ್ವ್ಯೂನ ಮನೆಯಲ್ಲೇ ಇದ್ದೆ ಎಂದಿದ್ದ ಚರಣ್‌ನ ಮಾತು ಶರ್ವಾಣಿಗೆ ನೆನಪಾಯಿತು.